ಎಪ್ಪತ್ತು ಹೆಜ್ಜೆ ಓಡಿದ ಓಬಿ

ಕಾಲಿಗೂ ಹೊದ್ದುಕೊ, ಹಾಂ, ಹಾಗೆ. ದಿಂಬು ಈ ಕಡೆ ಸರಿಸು. ಕಣ್ಣು ಮುಚ್ಚಿಕೊಂಡೇ ಕೇಳು ಕೂಸೇ, ಕತೆಗೆ ಕಿವಿ ಇದ್ದರೆ ಸಾಕು.

ಎಂದೋ ಒಂದು ಕಾಲವಂತೆ, ನಾನೂ ಹುಟ್ಟಿರಲಿಲ್ಲ, ನನಗೆ ಈ ಕತೆ ಹೇಳಿದ ನಮ್ಮಜ್ಜಿಯೂ ಹುಟ್ಟಿರಲಿಲ್ಲ, ಆ ಕಾಲದಲ್ಲಿ ಒಂದೂರಿತ್ತಂತೆ. ಊರಿಗೆ ಈ ಕಡೆ ಒಂದು ಕೆರೆ, ಆ ಕಡೆ ಒಂದು ದೊಡ್ಡ ಬಂಡೆ, ನಡುವೆ ಒಂದು ಹಗ್ಗ ಹೊಸೆಯೋರ ಮನೆ. ಮನೆ ಯಜಮಾನ ಪಾಲಯ್ಯ, ಅವನ ಹೆಂಡತಿ ತಿಪ್ಪಕ್ಕ, ಅವರಿಗೆ ಮೂರು ಮಕ್ಕಳು. ದೊಡ್ಡವನು ಸೂರಯ್ಯ, ನಡುವಿನವನು ಕಾಟಯ್ಯ, ಕೊನೆಯವಳು ಓಬಕ್ಕ. ಚೋಟುದ್ದ ಹುಡುಗಿಯನ್ನ ಅಕ್ಕ ಅಂತ ಯಾರು ಕರೀತಾರೆ, ಎಲ್ಲರೂ ಓಬಿ ಓಬಿ ಅಂತಿದ್ದರಂತೆ.

ಹಗ್ಗ ಹೇಗೆ ಮಾಡ್ತಾರೆ ಹೇಳು ನೋಡೋಣ. ಅಂಗಡೀಲಿ ಸುತ್ತಿಟ್ಟಿರ್ತಾರೆ ಅಂತೀಯಾ, ಜಾಣೆ ನೀನು! ಕತ್ತಾಳೆ ಪಟ್ಟೆ ಕುಯ್ದು ತಂದು ಕೆರೇಲಿ ನೆನೆಹಾಕಬೇಕು, ಅದು ಚೆನ್ನಾಗಿ ಕೊಳೆತ ಮೇಲೆ ಕಲ್ಲಿಗೆ ಬಡಿದು, ತೊಳೆದು, ಒಣಗಿಸಿ, ಬಾಚಬೇಕು, ಆಗ ಬೆಳ್ಳಗೆ ಮಿಂಚೋ ನಾರು ಬರುತ್ತೆ. ಆಮೇಲೆ ಮನೆ ಮುಂದೆ ಹೊಂಗೆ ಮರಗಳ ಸಾಲು, ಅದರ ನೆರಳಲ್ಲಿ ಎಪ್ಪತ್ತು ಹೆಜ್ಜೆ ಉದ್ದದ ಜಾಗ, ಆ ತುದೀಲಿ ತಿಪ್ಪಕ್ಕ, ಈ ತುದೀಲಿ ಪಾಲಯ್ಯ. ಅವಳು ನಾರನ್ನ ಬಲಕ್ಕೆ ಹೊಸೆದು ಮೂರು ಎಳೆ ಮಾಡಬೇಕು, ಅವನು ಆ ಮೂರನ್ನೂ ಕೂಡಿಸಿ ಎಡಕ್ಕೆ ಹೊಸೆದು ಹಗ್ಗ ಮಾಡಬೇಕು. ಎಳೆ ಒಂದು ಕಡೆಗೆ ಬಿಚ್ಚಿಕೊಳ್ಳೋಕೆ ನೋಡುತ್ತೆ, ಹಗ್ಗ ಇನ್ನೊಂದು ಕಡೆಗೆ ನೋಡುತ್ತೆ, ಹಾಗಾಗಿ ಎರಡೂ ಬಿಚ್ಚಿಕೊಳ್ಳದೆ ಗಟ್ಟಿಯಾಗಿ ಕೂರುತ್ತೆ. ಅದಕ್ಕೇ ಆ ತುದಿಗೂ ಈ ತುದಿಗೂ ಸದಾ ಕೂಗಾಟ. ಹುರಿ ಸಾಕು, ಎಳಿ, ಬಿಡು, ನಿಲ್ಲು ಅಂತ ಇವನು ಕೂಗಿದರೆ ಹೂಂ ಅಂತ ಅವಳು. ಬೆಳಗ್ಗೆ ಊರೋರು ಆ ಕೂಗು ಕೇಳಿಯೇ ಎದ್ದೇಳ್ತಿದ್ದರಂತೆ.

ಹೀಗಿರುವಾಗ ಒಂದಿನ ಏನಾಯ್ತಪ್ಪಾ ಅಂದರೆ, ಯಾರದೋ ಎಮ್ಮೆ ಕರು ಬಾವಿಗೆ ಬಿತ್ತಂತೆ, ಪಾಲಯ್ಯನ ಹಗ್ಗ ಕಟ್ಟಿ ಎತ್ತುವಾಗ ಅರ್ಧಕ್ಕೆ ಬಂದು ಹಗ್ಗ ಕಿತ್ತು ಕರುವಿನ ಕಾಲು ಮುರೀತಂತೆ. ಹುಟ್ಟಿದಾಗಿಂದ ಅವನ ಹಗ್ಗ ಕಿತ್ತಿದ್ದಿಲ್ಲ. ಊರೋರೆಲ್ಲ ನೋಡ್ತಿದ್ದರು. ಅವನು ಹೆಂಡತಿ ಕಡೆ ತಿರುಗಿ ನಿನ್ನ ಎಳೆ ಕೆಟ್ಟಿತ್ತು ಅಂದ, ಅವಳು ಅಷ್ಟು ಜನರ ಮುಂದೇನೇ ನಿನ್ನ ಕೈ ಕೆಟ್ಟಿತ್ತು ಅಂದಳು, ಅದೇ ಕೊನೆ ಮಾತು, ಅವತ್ತಿಂದ ಇಬ್ಬರೂ ಮಾತು ಬಿಟ್ಟರಂತೆ. ಒಂದೇ ಒಲೆ, ಒಂದೇ ಸೂರು, ಒಂದೇ ಮಡಕೆ ಸಾರು, ಮಾತು ಮಾತ್ರ ಇಲ್ಲ. ದೊಡ್ಡೋರು ಹೀಗೆ ಮಾಡಿದರೆ ನನಗೆ ಮೈಯೆಲ್ಲ ಉರಿಯುತ್ತೆ ನೋಡು. ಬೈದಾಡಿಕೊಂಡರೂ ವಾಸಿ, ಬೈಗುಳ ಸಾಯಂಕಾಲಕ್ಕೆ ತಣ್ಣಗಾಗುತ್ತೆ, ಈ ಮುಖ ಊದಿಸಿಕೊಂಡು ಕೂರೋದು ಮನೆ ಮಕ್ಕಳನ್ನ ತಿನ್ನುತ್ತೆ.

ಮಾತು ಬಿಟ್ಟರೇನು, ಹಗ್ಗ ಬಿಡೋಕಾಗುತ್ತಾ? ಎಪ್ಪತ್ತು ಹೆಜ್ಜೆ ಆಚೆ ಇರೋಳಿಗೆ ಹೇಳದೆ ಕೆಲಸ ಹೇಗೆ ನಡೀಬೇಕು? ಅದಕ್ಕೆ ಪಾಲಯ್ಯ ದೊಡ್ಡ ಮಗನ್ನ ಕರೆದು, ನಿಮ್ಮವ್ವನಿಗೆ ಹೇಳು ಎಳಿ ಅಂತ, ಅಂದ. ಸೂರಯ್ಯ ಓಡಿದ. ಅವಳು, ನಿಮ್ಮಪ್ಪನಿಗೆ ಹೇಳು ನನಗೂ ಕಣ್ಣೈತೆ ಅಂತ, ಅಂದಳು. ಸೂರಯ್ಯ ವಾಪಸ್ಸು ಓಡಿದ. ಹೀಗೇ ಒಂದು ವರ್ಷ ಓಡಿ ಓಡಿ, ಒಂದು ಬೆಳಗ್ಗೆ ಕುರಿ ಮಂದೆಯೋರು ಊರು ದಾಟಿ ಹೋಗ್ತಿದ್ದರಂತೆ, ಅವರ ಹಿಂದೆಯೇ ಕಾಲಿಗೆ ಬುದ್ಧಿ ಹೇಳಿದನಂತೆ. ಆಮೇಲೆ ಕಾಟಯ್ಯನ ಪಾಳಿ. ಅವನೂ ಒಂದು ವರ್ಷ ಓಡಿದ, ಆಮೇಲೆ ಎರಡು ಚೂರು ನಾರು ಉಂಡೆ ಮಾಡಿ ಎರಡೂ ಕಿವಿಗೆ ತುರುಕಿಕೊಂಡುಬಿಟ್ಟನಂತೆ. ಯಾರು ಏನು ಹೇಳಿದರೂ ಹಲ್ಲು ಕಿರಿಯೋದು, ಅಷ್ಟೇ. ಉಳಿದೋಳು ಯಾರು? ಓಬಿ.

ಓಬಿ ಓಡೋಕೆ ಶುರುಮಾಡಿದಳು. ಆದರೆ ಅವಳ ಮನಸ್ಸು ಮೆತ್ತಗೆ. ಅಪ್ಪ ಈ ತುದಿಯಿಂದ, ಹೇಳು ಅವಳಿಗೆ, ಕೈಯಲ್ಲಿ ಮಣ್ಣು ಮೆತ್ಕೊಂಡಿದ್ದಾಳಾ ಅಂತ, ಅಂದರೆ ಓಬಿ ಆ ಎಪ್ಪತ್ತು ಹೆಜ್ಜೆಯೊಳಗೆ ಅದನ್ನ ತಿರುಗಿಸಿ ಮುರುಗಿಸಿ, ಅವ್ವಾ, ಅಪ್ಪ ಹೇಳಿದ, ಕೈ ನೋಯ್ತಿದ್ದರೆ ಸ್ವಲ್ಪ ಹೊತ್ತು ಕೂತ್ಕೋಬೇಕಂತೆ, ಅಂತ ಮಾಡಿಬಿಡೋಳು. ಅವ್ವ ಆ ತುದಿಯಿಂದ, ಹೇಳು ಆ ಮಹಾರಾಯನಿಗೆ, ಬಾಯಿ ಮುಚ್ಕೊಂಡು ಕೆಲಸ ನೋಡ್ಲಿ ಅಂತ, ಅಂದರೆ, ಅಪ್ಪಾ, ಅವ್ವ ಹೇಳಿದಳು, ಬಿಸಿಲು ಜೋರೈತೆ, ಮಜ್ಜಿಗೆ ಕುಡೀಬೇಕಂತೆ. ಪಾಲಯ್ಯ ಹೆಗಲ ಮೇಲಿನ ಟವಲಿನಿಂದ ಮುಖ ಒರೆಸಿಕೊಂಡು, ಮಜ್ಜಿಗೆ ಕುಡೀತಿದ್ದನಂತೆ. ಓಬಿಗೆ ಎಷ್ಟು ಖುಷಿ ಅಂತೀಯ!

ಏನಂದೆ? ಗಟ್ಟಿಯಾಗಿ ಹೇಳು. ನೀನೂ ಹಾಗೇ ಮಾಡ್ತೀಯಾ? ಗೊತ್ತು ಕಣೇ. ಮೊನ್ನೆ ಫೋನಲ್ಲಿ ನಿಮ್ಮಪ್ಪ ಏನೋ ಅಂದ, ನೀನು ನಿಮ್ಮಮ್ಮನ ಹತ್ತಿರ ಹೋಗಿ ಬೇರೇನೋ ಹೇಳಿದೆ. ಅಡುಗೆ ಮನೇಲಿದ್ದರೂ ನನಗೆ ಕೇಳಿಸಿತು. ಬಾ, ಹತ್ತಿರ ಬಾ. ಕತೆ ಕೇಳು.

ಹೀಗೆ ಇವರ ಮಾತು ಅವರಿಗೆ, ಅವರ ಮಾತು ಇವರಿಗೆ ಹೊತ್ತು ಹೊತ್ತು ಆರು ತಿಂಗಳಾಗುವಷ್ಟರಲ್ಲಿ ಒಂದು ವಿಚಿತ್ರ ಆಯ್ತಂತೆ. ಪಕ್ಕದ ಮನೆ ಮುದುಕಿ ಅಂಗೈಗೆ ಬೆಲ್ಲದ ಚೂರು ಹಾಕಿ, ಸಿಹಿ ಐತೇನೇ ಓಬಿ, ಅಂತ ಕೇಳಿದಳು. ಓಬಿ ಬಾಯಿ ತೆರೆದರೆ ಅಪ್ಪ ಹೇಳಿದ ಅಂತ ಬಂತು. ಅಯ್ಯೋ, ಅಪ್ಪನ್ನ ಯಾರು ಕೇಳಿದರು, ನಿನಗೆ ಹೇಗೈತೆ ಹೇಳು, ಅಂದಳು ಮುದುಕಿ. ಮತ್ತೆ ಬಾಯಿ ತೆರೆದರೆ ಅವ್ವ ಹೇಳಿದಳು ಅಂತ ಬಂತು. ಅದರ ಮುಂದೆ ಏನೂ ಇಲ್ಲ. ಮಕ್ಕಳು ಆಟಕ್ಕೆ ಕರೆದರೂ ಅಷ್ಟೇ, ಮುಳ್ಳು ಚುಚ್ಚಿದರೂ ಅಷ್ಟೇ. ಅಷ್ಟು ಮಾತು ಹೊತ್ತ ಹುಡುಗಿ ಹತ್ತಿರ ತನ್ನದು ಅಂತ ಒಂದು ಮಾತೂ ಉಳಿದಿರಲಿಲ್ಲವಂತೆ. ಪಾಪ, ಮನೇಲಿ ಯಾರಿಗೂ ಅದು ಗೊತ್ತೂ ಆಗಲಿಲ್ಲ, ಯಾಕೆಂದರೆ ಅಲ್ಲಿ ಅವಳನ್ನ ಏನಾದರೂ ಕೇಳೋರೇ ಇರಲಿಲ್ಲ.

ಶ್ರಾವಣ ಬಂತು, ಪಂಚಮಿ ಬಂತು. ಪಂಚಮಿ ಅಂದರೆ ಜೋಕಾಲಿ. ಊರ ಮುಂದಿನ ದೊಡ್ಡ ಆಲದ ಮರಕ್ಕೆ ಜೋಕಾಲಿ ಕಟ್ಟೋದು, ಹೆಣ್ಣುಮಕ್ಕಳೆಲ್ಲ ಜೀಕೋದು, ಎಲೆ ಮುಟ್ಟಿ ಬರೋದು. ಹಗ್ಗ ಪಾಲಯ್ಯನ ಮನೆಯದೇ ಆಗಬೇಕು. ತಿಪ್ಪಕ್ಕ ಮೂರು ಎಳೆ ಹೊಸೆದಳು. ಪಾಲಯ್ಯ ಈ ತುದೀಲಿ ಬೆರಳಲ್ಲಿ ಮೀಟಿ ನೋಡಿದ, ನಡುವಿನ ಎಳೆ ಸಡಿಲ. ಹೇಳು ನಿಮ್ಮವ್ವನಿಗೆ, ನಡುವಿನ ಎಳೆ ಸಡಿಲಾಗೈತೆ, ಬಿಚ್ಚಿ ಮತ್ತೆ ಹುರಿ ಹಾಕಬೇಕು, ಕುರುಡಿ ಕೂಡ ಇದಕ್ಕಿಂತ ಚೆನ್ನಾಗಿ ಹೊಸೀತಾಳೆ ಅಂತ, ಅಂದ. ಓಬಿ ಓಡಿದಳು. ನೋಡ್ತಾಳೆ, ಅವ್ವನ ಅಂಗೈ ಕೆಂಪಗೆ ಸುಲಿದುಹೋಗಿದೆ. ಈ ಮಾತು ಹೇಳೋದು ಹೇಗೆ? ಅವ್ವಾ, ಅಪ್ಪ ಹೇಳಿದ, ಎಳೆ ಮೂರೂ ಮುತ್ತಿನಂಗೈತಂತೆ, ಅಂದುಬಿಟ್ಟಳು. ತಿಪ್ಪಕ್ಕನ ಮುಖ ಎಷ್ಟೋ ದಿನದ ಮೇಲೆ ಅರಳಿತು, ಎಳೆಯನ್ನ ಹಾಗೇ ಗಂಟು ಹಾಕಿದಳು. ಓಬಿ ಈ ತುದಿಗೆ ಬಂದು, ಅಪ್ಪಾ, ಅವ್ವ ಹೇಳಿದಳು, ಮತ್ತೆ ಹುರಿ ಹಾಕಾಯ್ತಂತೆ, ಅಂದಳು. ಪಾಲಯ್ಯ ನಂಬಿದ, ಮೂರನ್ನೂ ಕೂಡಿಸಿದ. ಸಡಿಲ ಎಳೆ ಎರಡು ಗಟ್ಟಿ ಎಳೆಯ ಮಧ್ಯೆ ಅಡಗಿ ಕೂತಿತು. ಕೇಳಿದೆಯಾ, ಆ ಹಗ್ಗ ಕೆಟ್ಟದ್ದು ಲೋಕದಲ್ಲಿ ಒಬ್ಬಳಿಗೆ ಮಾತ್ರ ಗೊತ್ತು.

ಜೋಕಾಲಿ ಕಟ್ಟಾಯ್ತು. ನಾಳೆ ಮೊದಲು ನಾನು, ಮೊದಲು ನಾನು ಅಂತ ಪುಟ್ಟ ಹುಡುಗಿಯರು ಹಲಗೆ ಮುಟ್ಟಿ ಮುಟ್ಟಿ ನೋಡ್ತಿದ್ದರಂತೆ. ಅದು ನೋಡಿ ಓಬಿ ಮನೆಗೆ ಓಡಿದಳು. ಅಪ್ಪನ ಹತ್ತಿರ ಹೋಗಿ ಬಾಯಿ ತೆರೆದರೆ ಅವ್ವ ಹೇಳಿದಳು, ಅವ್ವನ ಹತ್ತಿರ ಹೋಗಿ ಬಾಯಿ ತೆರೆದರೆ ಅಪ್ಪ ಹೇಳಿದ, ಮುಂದಕ್ಕೆ ಬರಲೇ ಒಲ್ಲದು. ಮಾರನೇ ದಿನ ಬೆಳ್ಳಿ ಮೂಡೋ ಹೊತ್ತಿಗೆ ಎದ್ದು, ನನ್ನ ಮಾತು ಎಲ್ಲಿ ಬಿದ್ದಿದೆಯೋ ಹುಡುಕಿ ತರೋಣ ಅಂತ ಹೊರಟಳಂತೆ.

ಮೊದಲು ಕೆರೆಗೆ ಹೋದಳು. ನೀರಿನ ಮೇಲೆ ಮಂಜು ಹಾಲಿನ ಕೆನೆ ಥರ ಕೂತಿತ್ತು. ಕೆರೆ ಮಗ್ಗುಲು ಬದಲಿಸಿ, ಯಾಕೆ ಮಗಳೇ ಇಷ್ಟೊತ್ತಿಗೇ ಬಂದೆ, ಅಂತಂತೆ. ಕೆರೆ ಎಲ್ಲಾದರೂ ಮಾತಾಡುತ್ತಾ ಅಂತ ಕೇಳಬೇಡ, ಆ ಕಾಲದಲ್ಲಿ ಆಡ್ತಿತ್ತು. ಓಬಿ, ಅಪ್ಪ ಹೇಳಿದ, ಅವ್ವ ಹೇಳಿದಳು, ಅಂದಳು. ಕೆರೆಗೆ ಅರ್ಥ ಆಯ್ತು. ನನ್ನ ನೀರಲ್ಲಿ ಬಾಯಿ ಮುಕ್ಕಳಿಸು, ಮೂರು ಸಲ, ಅಂತು. ಓಬಿ ಒಂದು ಸಲ ಮುಕ್ಕಳಿಸಿ ಉಗಿದಳು, ಅಪ್ಪನ ಮಾತೆಲ್ಲ ಕರೀ ಹರಳಾಗಿ ಬುಳುಬುಳು ಮುಳುಗಿದವು. ಎರಡನೇ ಸಲ ಉಗಿದಳು, ಅವ್ವನ ಮಾತೆಲ್ಲ ಜಾಲಿ ಮುಳ್ಳಾಗಿ ತೇಲಿಕೊಂಡು ಹೋದವು. ಮೂರನೇ ಸಲ ಉಗಿದಳು, ಅವಳೇ ಕಟ್ಟಿದ್ದಳಲ್ಲ, ಮಜ್ಜಿಗೆ ಕುಡೀಬೇಕಂತೆ, ಮುತ್ತಿನಂಗೈತಂತೆ ಅಂತ, ಅವೆಲ್ಲ ಸಣ್ಣ ಸಣ್ಣ ಹೊಂಬಣ್ಣದ ಮೀನಾಗಿ ಸಾಲಾಗಿ ಈಜಿ ಮಂಜಿನೊಳಗೆ ಮಾಯವಾದವು. ಓಬಿ ಅವನ್ನೇ ನೋಡ್ತಾ ನಿಂತಳು, ಚೆನ್ನಾಗಿದ್ದವು, ಬಿಡೋಕೆ ಮನಸ್ಸಾಗಲಿಲ್ಲ. ಹೋಗಲಿ ಬಿಡು ಅಂತು ಕೆರೆ. ಈಗ ಬಾಯಿ ಪೂರ್ತಿ ಖಾಲಿ.

ಆಮೇಲೆ ಬಂಡೆ ಹತ್ತಿರ ಹೋದಳಂತೆ. ಆ ಬಂಡೆ ಎದುರು ನಿಂತು ಕೂಗಿದರೆ ಕೂಗಿದ್ದು ವಾಪಸ್ಸು ಬರೋದು. ಓಬಿ ಬಾಯಿ ತೆರೆದಳು, ಖಾಲಿ ಬಾಯಲ್ಲಿ ಏನು ಬರುತ್ತೆ, ಗಾಳಿ ಬಂತು. ಬಂಡೆಯೂ ಗಾಳಿ ಕೊಟ್ಟಿತು. ಅವಳಿಗೆ ಗೊಳೋ ಅಂತ ಅಳು ಬಂದುಬಿಟ್ಟಿತು. ಎದುರಿಂದಲೂ ಗೊಳೋ ಅಂತ ಅಳು. ಯಾರಪ್ಪಾ ಇದು ಪಾಪ, ಇಷ್ಟೊಂದು ದುಃಖ ಇಟ್ಟುಕೊಂಡಿರೋ ಹುಡುಗಿ ಯಾರು ಅಂತ ಓಬಿ ಅಳು ನಿಲ್ಲಿಸಿ ಕಿವಿಗೊಟ್ಟಳು, ಅದೂ ನಿಂತಿತು. ಮತ್ತೆ ಅತ್ತಳು, ಅದೂ ಅತ್ತಿತು. ಆಗ ಗೊತ್ತಾಯ್ತು, ಅಯ್ಯೋ, ಇದು ನಾನೇ. ಈ ಅಳು ಅಪ್ಪ ಹೇಳಿ ಕಳಿಸಿದ್ದಲ್ಲ, ಅವ್ವ ಹೇಳಿ ಕಳಿಸಿದ್ದಲ್ಲ, ಇದು ನಂದು. ಬಂಡೆಗೆ ಬೆನ್ನು ಕೊಟ್ಟು ಕೂತು ಹೊಟ್ಟೆ ತುಂಬ ಅತ್ತಳಂತೆ. ಯಾರೂ ಸುಮ್ಮನಿರು ಅನ್ನಲಿಲ್ಲ. ಅತ್ತು ಮುಗಿದ ಮೇಲೆ ಎದೆ ಹಗುರ ಆಯ್ತು.

ಅಷ್ಟೊತ್ತಿಗೆ ಕೆಂಪಗೆ ಬೆಳಕು ಹರೀತು. ಹೊಲದ ಬಾವಿ ಮೇಲಕ್ಕೆ ಬಾಗಿದ ಜಾಲಿ ಮರದಲ್ಲಿ ಗೀಜಗದ ಗೂಡು ನೇತಾಡ್ತಿದ್ದವು. ಅರಿಶಿನ ಟೋಪಿ ಹಾಕಿಕೊಂಡ ಗಂಡು ಹಕ್ಕಿ, ಪಾಲಯ್ಯನ ಅಂಗಳದಿಂದ ಕದ್ದ ನಾರೂ ಸೇರಿಸಿ ಅರ್ಧ ಗೂಡು ನೇಯ್ದು, ಬಾ ಬಾ ನೋಡು ಅಂತ ರೆಕ್ಕೆ ಬಡೀತಿತ್ತು. ಹೆಣ್ಣು ಹಕ್ಕಿ ಬಂತು, ತಲೆಕೆಳಗಾಗಿ ನೇತಾಡಿ, ಕೊಕ್ಕಲ್ಲಿ ಜಗ್ಗಿ, ಸಡಿಲ ಅಂತು. ಗಂಡು ಹಕ್ಕಿ ಕಿಚಿಕಿಚಿ ಅಂತ ಕೂಗಾಡಿತು, ಮುನಿಸಿಕೊಂಡು ಕೊಂಬೆ ತುದಿಗೆ ಹೋಗಿ ಕೂತಿತು, ಆಮೇಲೆ ಬಂದು ಬಿಚ್ಚಿ ಮತ್ತೆ ನೇಯ್ತು. ಹೆಣ್ಣು ಹಕ್ಕಿ ಮತ್ತೆ ಜಗ್ಗಿ, ಇಲ್ಲಿ ಇನ್ನೂ ಸಡಿಲ, ಅಂತು. ಕೆಳಗೆ ನಿಂತ ಓಬಿ ತನಗೆ ಗೊತ್ತಿಲ್ಲದಂಗೇ, ಸಡಿಲ, ಅಂದಳಂತೆ. ಬಾಯಿಂದ ಮಾತು ಬಂತು! ಸಣ್ಣದು, ಆದರೂ ಮಾತು. ನೋವಾಗಲ್ವಾ ಗಂಡು ಹಕ್ಕಿಗೆ, ಸಡಿಲ ಅಂದರೆ, ಅಂತ ಕೇಳಿದಳು. ಆಗುತ್ತೆ, ಆಮೇಲೆ ಸರಿಹೋಗುತ್ತೆ, ಅಂತು ಹೆಣ್ಣು ಹಕ್ಕಿ. ಚೆನ್ನಾಗೈತೆ ಅಂತ ಸುಳ್ಳು ಹೇಳಿದರೆ ಕೆಳಗೆ ಬಾವಿಗೆ ಬೀಳೋದು ಅವನಲ್ಲ, ನಾನಲ್ಲ, ಮೊಟ್ಟೆ. ಓಬಿ ಅಲ್ಲಿಂದ ಓಡಿದ ಓಟ ಎಪ್ಪತ್ತು ಹೆಜ್ಜೆಯದಲ್ಲ, ಏಳುನೂರು ಹೆಜ್ಜೆಯದು.

ಬಂದು ನೋಡಿದರೆ ಆಲದ ಮರದ ಕೆಳಗೆ ಊರೇ ನೆರೆದಿದೆ. ಐದು ವರ್ಷದ ಪುಟ್ಟ ಹುಡುಗಿಯೊಬ್ಬಳು ಹೊಸ ಲಂಗ ಹಾಕಿಕೊಂಡು ಹಲಗೆ ಮೇಲೆ ಕೂತು ಜೀಕ್ತಿದ್ದಾಳೆ, ಹಿಂದಿನಿಂದ ತಳ್ತಿರೋನು ಕಾಟಯ್ಯ. ಇಳಿಸು, ಇಳಿಸು ಅಂತ ಓಬಿ ಕೂಗಿದಳು. ಅವನ ಕಿವೀಲಿ ನಾರು. ಅವಳ ಬಾಯಿ ಆಡೋದು ನೋಡಿ ಹಲ್ಲು ಕಿರಿದು ಇನ್ನೂ ಜೋರಾಗಿ ತಳ್ಳಿದ. ಹುಡುಗಿ ಮೇಲೆ ಹೋಯ್ತು, ಹಗ್ಗ ಕಿರ್ ಅಂತು. ಓಬಿ ಜನರ ಕಾಲ ಸಂದಿಯಲ್ಲಿ ನುಗ್ಗಿ, ಅಣ್ಣನ ಬೆನ್ನು ಹತ್ತಿ, ಎರಡೂ ಕಿವಿಯಿಂದ ಆ ನಾರಿನ ಉಂಡೆ ಕಿತ್ತು ಬಿಸಾಕಿ, ಹಗ್ಗ ಸಡಿಲ ಐತೆ ಕಣೋ ಅಣ್ಣಾ, ಇಳಿಸು, ಅಂತ ಕಿವಿಗೇ ಕಿರುಚಿದಳಂತೆ. ಆರು ತಿಂಗಳ ಮೇಲೆ ಅವನ ಕಿವಿಗೆ ಬಿದ್ದ ಮೊದಲ ಮಾತು ಅದು. ಕಾಟಯ್ಯ ಬೆಚ್ಚಿ, ಕೆಳಗೆ ಬಂದ ಹುಡುಗಿಯನ್ನ ಎರಡೂ ಕೈಯಲ್ಲಿ ಬಾಚಿ ತಬ್ಬಿಕೊಂಡ. ಖಾಲಿ ಹಲಗೆ ಮಾತ್ರ ಆ ಕಡೆ ಹೋಯ್ತು, ಹೋಗ್ತಾ ಇದ್ದಂಗೇ ಫಟ್ ಅಂತ ಹಗ್ಗ ಕಿತ್ತು ದೂರ ಹೋಗಿ ಬಿತ್ತು.

ಈ ಕಡೆಯಿಂದ ಪಾಲಯ್ಯ ಬಂದ, ಆ ಕಡೆಯಿಂದ ತಿಪ್ಪಕ್ಕ ಬಂದಳು, ಇಬ್ಬರೂ ಕಿತ್ತ ಹಗ್ಗ ನೋಡಿದರು, ಆಮೇಲೆ ಒಬ್ಬರನ್ನೊಬ್ಬರು ನೋಡಿದರು, ಅದೇ ಹಳೇ ಮಾತು ಇಬ್ಬರ ನಾಲಿಗೆ ತುದಿಗೂ ಬಂದು ನಿಂತಿತು. ಅಷ್ಟರಲ್ಲಿ ಓಬಿ ಮಧ್ಯೆ ಬಂದು ನಿಂತು, ತಪ್ಪು ನಂದು, ಅಂದಳಂತೆ. ಅಪ್ಪ ಸಡಿಲ ಅಂದಿದ್ದ, ನಾನು ಅವ್ವನಿಗೆ ಮುತ್ತಿನಂಗೈತೆ ಅಂದೆ. ಅವ್ವ ಮತ್ತೆ ಹೊಸೀಲೇ ಇಲ್ಲ, ನಾನು ಅಪ್ಪನಿಗೆ ಹೊಸೆದಾಯ್ತು ಅಂದೆ. ಯಾಕೇ ಹಂಗಂದೆ, ಅಂತ ಇಬ್ಬರೂ ಒಟ್ಟಿಗೇ ಕೇಳಿದರು. ನೀವು ಬೈಯೋದನ್ನ ಹೊತ್ಕೊಂಡು ಓಡೋಕೆ ನನ್ನ ಕೈಲಿ ಆಗಲ್ಲ, ನನಗೆ ನೋಯ್ತದೆ, ಇನ್ಮೇಲೆ ನಾನು ಓಡಲ್ಲ, ಅಂದಳು ಓಬಿ. ಅಷ್ಟು ಹೇಳೋಕೆ ಅವಳಿಗೆ ಎಷ್ಟು ಭಯ ಆಗಿತ್ತು ಅಂತೀಯ!

ಪಾಲಯ್ಯ ಬಗ್ಗಿ ಕಿತ್ತ ಹಗ್ಗ ಎತ್ತಿಕೊಂಡ. ತಪ್ಪು ನಂದು ಅನ್ನೋ ಮಾತು ಎರಡೂವರೆ ವರ್ಷದಿಂದ ಅವನ ಗಂಟಲಲ್ಲಿ ಸಿಕ್ಕಿಕೊಂಡಿತ್ತು, ಒಂಬತ್ತು ವರ್ಷದ ಮಗಳು ಅದನ್ನ ಊರ ಮುಂದೆ ಹೇಳಿಬಿಟ್ಟಿದ್ದಳು. ಆಮೇಲೆ ತಲೆ ಎತ್ತಿ, ಮಗಳ ಕಡೆಗಲ್ಲ, ಹೆಂಡತಿ ಕಡೆಗೇ ತಿರುಗಿ, ಇವಳೇ, ಅಂದನಂತೆ. ಇವಳೇ, ಆವತ್ತು ಕರು ಎತ್ತುವಾಗ ಕಿತ್ತಿದ್ದು ನನ್ನ ಕೈದೇ ತಪ್ಪು, ಅವಸರದಲ್ಲಿ ಹುರಿ ಕಡಿಮೆ ಹಾಕಿದ್ದೆ, ಅಂದ. ತಿಪ್ಪಕ್ಕ ಸೆರಗಲ್ಲಿ ಕಣ್ಣೊರೆಸಿಕೊಂಡು, ನಾನೂ ನಾರು ಕಡಿಮೆ ಹಾಕಿದ್ದೆ, ಹೇಳೋಕೆ ಬಾಯಿ ಬರಲಿಲ್ಲ, ಅಂದಳಂತೆ. ಅಷ್ಟೇ ಕಣೇ! ಇಷ್ಟು ಮಾತಿಗೆ ಎರಡೂವರೆ ವರ್ಷ ಮೂರು ಮಕ್ಕಳನ್ನ ಓಡಿಸಿದ್ದರು ಆ ಪುಣ್ಯಾತ್ಮರು. ಆಮೇಲೆ ಅವತ್ತೇ ಹೊಸ ಹಗ್ಗ ಹೊಸೆದರಂತೆ, ಎಳಿ ಅಂತ ಅವನು ಕೂಗೋದು, ಎಳೀತಿದ್ದೀನಲ್ಲ ಅಂತ ಅವಳು ರೇಗೋದು, ಸಡಿಲ ಅಂದರೆ ಸಡಿಲ, ಗಟ್ಟಿ ಅಂದರೆ ಗಟ್ಟಿ. ಮಧ್ಯಾಹ್ನದೊಳಗೆ ಜೋಕಾಲಿ ಮತ್ತೆ ಕಟ್ಟಾಯ್ತು.

ದೊಡ್ಡ ಮಗ ಬಂದನಾ ಅಂತೀಯಾ? ಬಂದ, ಬಂದ. ಆ ಮನೇಲಿ ಮತ್ತೆ ಕೂಗಾಟ ಶುರುವಾಗಿದೆ ಅನ್ನೋ ಸುದ್ದಿ ಕುರಿ ಮಂದೆಗೂ ಮುಟ್ಟಿ, ದೀಪಾವಳಿ ಹೊತ್ತಿಗೆ ಒಂದು ಕುರಿಮರಿ ಹೆಗಲ ಮೇಲೆ ಹಾಕಿಕೊಂಡು ಬಂದನಂತೆ. ಹಾಗಂತ ಪಾಲಯ್ಯ ತಿಪ್ಪಕ್ಕ ಜಗಳ ಆಡೋದು ಬಿಟ್ಟರು ಅಂದುಕೋಬೇಡ. ಆಡ್ತಿದ್ದರು. ಎದುರು ಬದುರು ಕೂತು, ಅವರ ಜಗಳ ಅವರೇ ಆಡ್ತಿದ್ದರು.

ಆದರೆ ಆ ಪಂಚಮಿ ದಿನ ಸಂಜೆ ಏನಾಯ್ತು ಹೇಳ್ತೀನಿ ಕೇಳು. ಹಬ್ಬದ ಊಟ ಆಗಿ ಜಗಲಿ ಮೇಲೆ ಕೂತಿದ್ದಾಗ ತಿಪ್ಪಕ್ಕ, ನಿನಗೆ ಏನು ಬೇಕೇ ಓಬಿ, ಅಂತ ಕೇಳಿದಳಂತೆ. ಹಾಗೆ ಅವಳನ್ನ ಯಾರೂ ಕೇಳಿದ್ದೇ ಇಲ್ಲ. ಓಬಿ ಯೋಚನೆ ಮಾಡಿದಳು. ಬಳೆ ಬೇಕಾ? ಬೇಡ. ತಂಬಿಟ್ಟು ಬೇಕಾ? ಬೇಡ. ನನ್ನ ತಲೆ ಬಾಚವ್ವಾ, ಅಂದಳು. ದಿನಾ ರಾಶಿ ರಾಶಿ ನಾರು ಬಾಚೋ ಕೈ, ಮಗಳ ತಲೆ ಬಾಚಿ ಎಷ್ಟು ದಿನವಾಗಿತ್ತೋ, ಕೂದಲೆಲ್ಲ ಗಂಟುಗಂಟಾಗಿ ಜಡೆ ಕಟ್ಟಿಹೋಗಿತ್ತು. ಮಗಳನ್ನ ಎಳೆದು ಮುಂದೆ ಕೂರಿಸಿಕೊಂಡಳು. ಪಾಲಯ್ಯ ಹರಳೆಣ್ಣೆ ಬಟ್ಟಲು ಹಿಡಿದು ಎದುರಿಗೆ ಬಂದು ಕೂತ. ಮೆಲ್ಲಗೆ ಬಿಡಿಸು, ನೋಯುತ್ತೆ ಕೂಸಿಗೆ, ಅಂದ ಅವನು. ನನಗೆ ಗೊತ್ತಿಲ್ವಾ, ಇನ್ನೊಂಚೂರು ಎಣ್ಣೆ ಹಾಕು, ಅಂದಳು ಅವಳು. ಮಳೆ ಬರುತ್ತೇನೋ, ನಾರು ಒಳಗೆ ಹಾಕ್ಬೇಕು, ಅಂದ. ಹಾಕೋಣ ಇರು, ಅಂದಳು. ಮಾತು ಈ ಕಡೆಯಿಂದ ಆ ಕಡೆಗೆ, ಆ ಕಡೆಯಿಂದ ಈ ಕಡೆಗೆ, ಓಬಿಯ ತಲೆ ಮೇಲಿಂದಲೇ ಹೋಗ್ತಿತ್ತು, ಬರ್ತಿತ್ತು. ಅವಳು ಏಳಬೇಕಾಗಿರಲಿಲ್ಲ, ಒಂದನ್ನೂ ಹೊರಬೇಕಾಗಿರಲಿಲ್ಲ. ಕೇಳ್ತಾ ಕೇಳ್ತಾ ಕಣ್ಣು ಭಾರ ಆಗಿ, ಅವ್ವನ ಮಡಿಲಿಗೆ ಹಾಗೇ ಒರಗಿದಳಂತೆ.

ಅವಳು ಮಲಗಿದಳು, ಕತೆಯೂ ಅವಳ ಜೊತೆಗೇ ಮಲಗಿತು, ಮುಗೀತು. ನಾಳೆ ನಿಮ್ಮಪ್ಪ ಫೋನ್ ಮಾಡಿದರೆ ನಾನು ತಗೋತೀನಿ, ಅವರಿಬ್ಬರ ಮಾತು ಅವರಿಬ್ಬರೇ ಆಡಿಕೊಳ್ಳಲಿ. ನೀನು ಮಲಕ್ಕೊ ಕೂಸೇ.